ಲುಕ್ ಅಪ್ ಅಂದರೆ ಎತ್ತ ನೋಡಬೇಕು?

ತಿಪಟೂರು ಸೀಮೆಯ ಅರಳಗುಪ್ಪೆ ಸುತ್ತಿನ ತೆಂಗಿನ ತೋಟಗಳಲ್ಲಿ ತ್ರೀಫೇಸ್ ಕರೆಂಟು ಬಂದ ಕೂಡಲೇ ಕೂಗು ಹೊರಡುತ್ತದೆ: 'ಲೋ, ಮೋಟ್ರು ಆನ್ ಮಾಡ್ರೋ.' ತೊಟ್ಟಿ ತುಂಬಿದ ಮೇಲೆ ಇನ್ನೊಂದು ಕೂಗು: 'ಆಫ್ ಮಾಡು, ನೀರು ಪೋಲಾಗ್ತೈತೆ.' ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಬಾಯಲ್ಲೂ ಆನ್, ಆಫ್ ಎಂಬ ಮಾತುಗಳು ಸಲೀಸಾಗಿ ಓಡಾಡುತ್ತವೆ. ಅವು ಪರಭಾಷೆಯವು ಎಂಬ ನೆನಪೇ ಯಾರಿಗೂ ಇಲ್ಲ. ಆದರೆ ಅದೇ ಮನೆಯ ಹುಡುಗ ಶಾಲೆಯಲ್ಲಿ 'ಐ ಆಫ್ಡ್ ದ ಮೋಟರ್' ಎಂದು ಬರೆದರೆ ಕೆಂಪು ಶಾಯಿ ಬೀಳುತ್ತದೆ, ಒಮ್ಮೊಮ್ಮೆ ತರಗತಿಯಲ್ಲಿ ನಗೆಯೂ ಏಳುತ್ತದೆ.

ತಪ್ಪು ನಿಜ. ಆದರೆ ಅದು ಎಲ್ಲಿಂದ ಬಂತೆಂದು ತಿಳಿದವರು ನಗಲಾರರು. ಇಂಗ್ಲಿಷಿನಲ್ಲಿ ಮೋಟರು ನಿಲ್ಲಿಸುವುದಕ್ಕೆ 'ಟರ್ನ್ ಆಫ್' ಅಥವಾ 'ಸ್ವಿಚ್ ಆಫ್' ಎನ್ನುತ್ತಾರೆ. ಎರಡು ಪದ ಸೇರಿ ಒಂದು ಕ್ರಿಯಾಪದ. ಕನ್ನಡ ಆ ಜೋಡಿಯಿಂದ ಎರಡನೆಯದನ್ನಷ್ಟೇ ತೆಗೆದುಕೊಂಡು, ಮೊದಲನೆಯದರ ಜಾಗದಲ್ಲಿ ತನ್ನ 'ಮಾಡು'ವನ್ನು ಕೂರಿಸಿಕೊಂಡಿತು. ಹುಡುಗ ಇಂಗ್ಲಿಷಿಗೆ ಹೊರಟಾಗ 'ಮಾಡು' ಇಲ್ಲೇ ಉಳಿಯಿತು, 'ಆಫ್' ಒಂದೇ ಅಲ್ಲಿಗೆ ಹೋಗಿ ನಿಂತಿತು. ಅವನ ತಲೆಯೊಳಗೆ ವ್ಯಾಕರಣ ಸರಿಯಾಗಿಯೇ ಕೆಲಸ ಮಾಡಿದೆ. ಆ ಜೋಡಿಯಲ್ಲಿ ಇನ್ನೊಂದು ಪದವಿತ್ತು ಎಂದು ಅವನಿಗೆ ಯಾರೂ ತೋರಿಸಿಲ್ಲ, ಅಷ್ಟೆ.

ಇಂಥ ಜೋಡಿಗಳಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ನಮ್ಮ ಮಕ್ಕಳಿಗೆ ಇವು ಸಿಗುವುದು ಗೈಡಿನ ಕೊನೆಯ ಪುಟಗಳಲ್ಲಿ, ಎಡಗಡೆ ಇಂಗ್ಲಿಷು ಬಲಗಡೆ ಅರ್ಥ ಎಂಬ ಪಟ್ಟಿಯಾಗಿ. 'ಪುಟ್ ಆಫ್' ಅಂದರೆ ಮುಂದೂಡು, 'ಪುಟ್ ಆನ್' ಅಂದರೆ ಧರಿಸು, 'ಪುಟ್ ಅಪ್ ವಿತ್' ಅಂದರೆ ಸಹಿಸಿಕೊ. ಉರು ಹೊಡೆದರೆ ಪರೀಕ್ಷೆಯ ಮಟ್ಟಿಗೆ ನಿಲ್ಲುತ್ತದೆ. ಆಮೇಲೆ ಬೆಂಗಳೂರಿನ ಸಂದರ್ಶನದಲ್ಲಿ ಕೂತಾಗ ಪಟ್ಟಿ ನೆನಪಿಗೆ ಬರುವುದಿಲ್ಲ. ಪಟ್ಟಿಯಲ್ಲಿ ಕಾಣದ ಒಂದು ಕ್ರಮ ಈ ಜೋಡಿಗಳ ಒಳಗಿದೆ, ಅದರ ಮುಕ್ಕಾಲು ಭಾಗ ಕನ್ನಡದ ಮಕ್ಕಳ ನಾಲಗೆಯ ಮೇಲೆ ಆಗಲೇ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೇ ಇಂಗ್ಲಿಷು ಬರಲಿಲ್ಲ ಎಂದು ಕೊರಗುವ ಹುಡುಗ ಹುಡುಗಿಯರು ಈ ಸೀಮೆಯಲ್ಲಿ ಬಹಳ. ಈ ಬರಹ ಅವರಿಗಾಗಿ, ಅವರಿಗೆ ಕಲಿಸುವವರಿಗಾಗಿ.

ಕಷ್ಟ ನಮಗೊಬ್ಬರಿಗೇ ಬಂದದ್ದಲ್ಲ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. 1755ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ಹೆಸರಾಂತ ನಿಘಂಟು ಹೊರತಂದಾಗ, ಮುನ್ನುಡಿಯಲ್ಲೇ ಈ ಜೋಡಿಗಳ ಮಾತೆತ್ತಿದ್ದ. ಹೊರಗಿನವರು ಇಂಗ್ಲಿಷ್ ಕಲಿಯುವಾಗ ಅತಿ ಹೆಚ್ಚು ತೊಡಕಾಗುವುದು ಇಲ್ಲಿಯೇ ಎಂದು ಒಪ್ಪಿಕೊಂಡಿದ್ದ. ಫ್ರೇಸಲ್ ವರ್ಬ್ ಎಂಬ ಹೆಸರು ಚಾಲ್ತಿಗೆ ಬಂದದ್ದು ತೀರ ಈಚೆಗೆ, ಲೋಗನ್ ಪಿಯರ್ಸಾಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಅದನ್ನು ಬಳಸಿದ ಮೇಲೆ. ನಮ್ಮ ದೇಶದ ವ್ಯಾಕರಣಕಾರರಿಗಾದರೋ ಇಂಥದು ಹೊಸದೇನಲ್ಲ. ಸಂಸ್ಕೃತದ ಉಪಸರ್ಗ ಮಾಡುವ ಕೆಲಸವೇ ಇದು. ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ, ಎಲ್ಲದರ ಒಳಗೂ ಇರುವುದು ಒಂದೇ ಧಾತು. ಮುಂದೆ ಕೂತ ಚಿಕ್ಕ ತುಣುಕು ಬದಲಾದಂತೆ ಊಟ ಹೋಗಿ ಏಟಾಗುತ್ತದೆ, ಏಟು ಹೋಗಿ ಕೊಲೆಯಾಗುತ್ತದೆ. ಸಂಸ್ಕೃತ ತುಣುಕನ್ನು ಧಾತುವಿನ ಮುಂದೆ ಇಟ್ಟು ಬೆಸೆಯುತ್ತದೆ. ಇಂಗ್ಲಿಷ್ ಅದನ್ನು ಕ್ರಿಯಾಪದದ ಹಿಂದೆ ಬಿಡಿಯಾಗಿ ಬಿಡುತ್ತದೆ. ಬಿಡಿಯಾಗಿರುವುದರಿಂದಲೇ ಅದು ವಾಕ್ಯದಲ್ಲಿ ಅತ್ತಿತ್ತ ಸರಿದಾಡುತ್ತದೆ, ನಮ್ಮ ಮಕ್ಕಳು ಎಡವುವುದೂ ಅಲ್ಲೇ.

ಈಗ ಅರಳಗುಪ್ಪೆಯ ಕಲ್ಲೇಶ್ವರ ದೇವಾಲಯದ ಒಳಕ್ಕೆ ಬನ್ನಿ. ಒಂಬತ್ತನೇ ಶತಮಾನದ ಈ ಗುಡಿ ನೊಳಂಬರ ಶಿಲ್ಪದ ಮಾತು ಬಂದಾಗಲೆಲ್ಲ ನೆನಪಾಗುವಂಥದು, ಅದರಲ್ಲೂ ಅದರ ಒಳಛಾವಣಿಯ ಕೆಲಸಕ್ಕಾಗಿ. ನಡುವೆ ನಾಟ್ಯವಾಡುವ ಶಿವ, ಸುತ್ತ ತಂತಮ್ಮ ವಾಹನಗಳ ಮೇಲೆ ಅಷ್ಟದಿಕ್ಪಾಲಕರು. ಶಾಲೆಯ ಮಕ್ಕಳು ಒಳಗೆ ಬಂದರೆ ಮೊದಲು ಮಾಡುವುದು ಕತ್ತೆತ್ತಿ ನೋಡುವುದು. 'ದ ಚಿಲ್ಡ್ರನ್ ಲುಕ್ಡ್ ಅಪ್ ಅಟ್ ದ ಸೀಲಿಂಗ್.' ಈ ವಾಕ್ಯದಲ್ಲಿ ಮೂರು ತುಂಡುಗಳಿವೆ. 'ಲುಕ್' ನೋಟ. 'ಅಪ್' ನೋಟ ಹೋದ ದಿಕ್ಕು. 'ಅಟ್' ನೋಟ ಹೋಗಿ ತಾಗಿದ್ದು ಏನನ್ನು ಎಂದು ಹೇಳುವ ಪದ. ಕನ್ನಡದಲ್ಲಿ 'ಮಕ್ಕಳು ಛಾವಣಿಯನ್ನು ತಲೆಯೆತ್ತಿ ನೋಡಿದರು' ಎನ್ನುತ್ತೇವೆ. 'ಅಪ್' ಮಾಡುವ ಕೆಲಸವನ್ನು 'ತಲೆಯೆತ್ತಿ' ಮಾಡುತ್ತದೆ, 'ಅಟ್' ಮಾಡುವ ಕೆಲಸವನ್ನು 'ಅನ್ನು' ಎಂಬ ವಿಭಕ್ತಿ ಮಾಡುತ್ತದೆ.

ಅದೇ ಮಕ್ಕಳಲ್ಲಿ ಒಬ್ಬಳಿಗೆ ದಿಕ್ಪಾಲ ಎಂಬ ಪದ ಗೊತ್ತಿಲ್ಲ. ಮನೆಗೆ ಹೋಗಿ ನಿಘಂಟು ತೆರೆಯುತ್ತಾಳೆ. 'ಶೀ ಲುಕ್ಡ್ ಅಪ್ ದ ವರ್ಡ್.' ಇಲ್ಲಿ ಅವಳ ತಲೆ ಪುಸ್ತಕದ ಮೇಲೆ ಬಾಗಿದೆ, ಆದರೂ 'ಅಪ್' ಇದೆ. ಹುದುಗಿದ್ದನ್ನು ಮೇಲಕ್ಕೆ ತಂದು ಕಾಣುವಂತೆ ಮಾಡುವುದು ಈ 'ಅಪ್'ನ ಕೆಲಸ. 'ಅಟ್' ಎಂಬ ಮೂರನೆಯ ತುಂಡು ಇಲ್ಲಿ ಬರುವುದೇ ಇಲ್ಲ. ಇನ್ನೊಂದು: 'ದೆ ಲುಕ್ ಅಪ್ ಟು ದೆರ್ ಟೀಚರ್.' ಮೇಷ್ಟ್ರು ಎತ್ತರದಲ್ಲಿ ನಿಂತಿಲ್ಲ, ಮಕ್ಕಳ ಮನಸ್ಸಿನಲ್ಲಿ ಎತ್ತರದಲ್ಲಿದ್ದಾರೆ. ಗೌರವ ಎಂಬ ಅರ್ಥ ಬಂದದ್ದು ಆ ದಿಕ್ಕಿನಿಂದ. ಅದಕ್ಕೆ ಎದುರಾದದ್ದು 'ಲುಕ್ ಡೌನ್ ಆನ್', ನಮ್ಮ 'ಕೀಳಾಗಿ ಕಾಣು'. ಕೀಳು ಎಂದರೂ ಕೆಳಗೆ ಎಂದೇ. ಮೇಲಿದ್ದವನು ದೊಡ್ಡವನು, ಕೆಳಗಿದ್ದವನು ಸಣ್ಣವನು ಎಂಬ ಎಣಿಕೆಯಲ್ಲಿ ಎರಡು ಭಾಷೆಗೂ ಭಿನ್ನಾಭಿಪ್ರಾಯವಿಲ್ಲ. ಕೊಬ್ಬರಿ ಧಾರಣೆ ಚೇತರಿಸಿಕೊಂಡಾಗ 'ತಿಂಗ್ಸ್ ಆರ್ ಲುಕಿಂಗ್ ಅಪ್' ಎನ್ನಬಹುದು. ಅಲ್ಲಿ ಯಾರೂ ಏನನ್ನೂ ನೋಡುತ್ತಿಲ್ಲ, ಕಾಲವೇ ಮೇಲ್ಮುಖವಾಗಿದೆ.

ಈ ನಾಲ್ಕು ವಾಕ್ಯಗಳನ್ನು ಪಟ್ಟಿಯಲ್ಲಿ ಓದಿದ ಹುಡುಗಿಗೆ 'ಲುಕ್ ಅಪ್' ಎಂಬುದಕ್ಕೆ ನಾಲ್ಕು ಅರ್ಥ ಎಂದು ಗಾಬರಿಯಾಗುತ್ತದೆ. ಛಾವಣಿಯಡಿ ನಿಂತು ಕೇಳಿದ ಹುಡುಗಿಗೆ ದಿಕ್ಕು ಒಂದೇ, ಅದರ ಹಿಂದೆ ಬರುವ 'ಅಟ್' ಮತ್ತು 'ಟು' ಬೇರೆ ಎಂದು ಕಾಣುತ್ತದೆ. ಇಷ್ಟು ತಿಳಿದರೆ ಮೂರು ಪದಗಳ ಜೋಡಣೆಗಳೆಲ್ಲ ಬಿಡಿಸಿಕೊಳ್ಳುತ್ತವೆ: ಒಂದು ಕ್ರಿಯೆ, ಒಂದು ದಿಕ್ಕು, ಒಂದು ವಿಭಕ್ತಿ. ನಾವು ವಿಭಕ್ತಿಯನ್ನು ನಾಮಪದದ ಬೆನ್ನಿಗೆ ಅಂಟಿಸುತ್ತೇವೆ: ತೋಟಕ್ಕೆ, ತೋಟದಿಂದ, ತೋಟದಲ್ಲಿ. ಇಂಗ್ಲಿಷಿನವರು ಅದನ್ನೇ ನಾಮಪದದ ಮುಂದೆ ಇಡುತ್ತಾರೆ. ಪ್ರೆಪೊಸಿಷನ್ ಎಂದು ಹೆದರಿಸುವ ಬದಲು, ಮುಂದೆ ಬಂದು ಕೂತ ವಿಭಕ್ತಿ ಎಂದು ಹೇಳಿಕೊಟ್ಟರೆ ಐದನೇ ತರಗತಿಯ ಮಗುವಿಗೂ ತಿಳಿಯುತ್ತದೆ.

ಪರೀಕ್ಷಿಸಿ ನೋಡಬಹುದು. ತೋಟದಲ್ಲಿ ಟಿಲ್ಲರ್ ನಿಂತಿತು, ಡೀಸೆಲ್ ಮುಗಿದಿದೆ. 'ವಿ ಹ್ಯಾವ್ ರನ್ ಔಟ್ ಆವ್ ಡೀಸೆಲ್.' ಇದನ್ನು 'ರನ್ ಔಟ್' ಒಂದು ಕಡೆ, 'ಆವ್ ಡೀಸೆಲ್' ಇನ್ನೊಂದು ಕಡೆ ಎಂದು ಒಡೆಯಿರಿ. ಡೀಸೆಲ್ಲನ್ನೇ ವಾಕ್ಯದ ಮುಂದಕ್ಕೆ ತಂದರೆ 'ದ ಡೀಸೆಲ್ ಹ್ಯಾಸ್ ರನ್ ಔಟ್'. ನಾಮಪದ ಹಿಂದಿನಿಂದ ಎದ್ದು ಹೋದ ಕೂಡಲೇ ಅದರ ವಿಭಕ್ತಿಯೂ ಎದ್ದು ಹೋಯಿತು. ತೆಂಗಿನ ಮರದಡಿ ನಡೆಯುವವನಿಗೆ 'ವಾಚ್ ಔಟ್' ಎಂದು ಕೂಗಿದರೆ ಸಾಕು. ಯಾವುದರ ಬಗ್ಗೆ ಎಚ್ಚರ ಎಂದು ಹೇಳಬೇಕಾದಾಗ 'ವಾಚ್ ಔಟ್ ಫಾರ್ ಫಾಲಿಂಗ್ ಕೋಕೊನಟ್ಸ್'. ಮುಂದೆ ಹೋದವನ ಸಮಕ್ಕೆ ನಡೆಯಲಾಗದವನು 'ಐ ಕಾಂಟ್ ಕೀಪ್ ಅಪ್' ಎಂದರೂ ಸರಿ, 'ಐ ಕಾಂಟ್ ಕೀಪ್ ಅಪ್ ವಿತ್ ಹಿಮ್' ಎಂದರೂ ಸರಿ. ಎಲ್ಲ ಜೋಡಣೆಯೂ ಇಷ್ಟು ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲ. 'ಪುಟ್ ಅಪ್ ವಿತ್'ನಿಂದ 'ವಿತ್' ಕಿತ್ತರೆ ಸಹಿಸು ಎಂಬ ಅರ್ಥವೇ ಹೋಗಿ ಬೇರೇನೋ ಆಗುತ್ತದೆ. ಅಂಥವನ್ನು ಇಡಿಯಾಗಿ ಕಲಿಯಬೇಕು. ಆದರೆ ಅಂಥವು ಕೆಲವು, ಬಿಚ್ಚಿಕೊಳ್ಳುವಂಥವು ಬಹಳ.

ಒಂದು ಮಾತು ಇಲ್ಲಿಯೇ ಹೇಳಬೇಕು. 'ಆಫ್' ಎಂದು ನಾವು ಉಚ್ಚರಿಸುವ ಪದಗಳು ಇಂಗ್ಲಿಷಿನಲ್ಲಿ ಎರಡಿವೆ. ಒಂದೇ ಎಫ್ ಇರುವುದನ್ನು ಓದಬೇಕಾದದ್ದು 'ಆವ್' ಎಂದು, ಎರಡು ಎಫ್ ಇರುವುದು ಮಾತ್ರ ನಿಜವಾದ 'ಆಫ್'. ನಮ್ಮ ತರಗತಿಗಳಲ್ಲಿ ಎರಡನ್ನೂ ಒಂದೇ ರೀತಿ ಓದಿಸುವುದರಿಂದ ಮಕ್ಕಳು ಬರೆಯುವಾಗ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುತ್ತಾರೆ. ಕಿವಿಯಲ್ಲಿ ಬೇರೆ ಮಾಡಿಕೊಟ್ಟರೆ ಕೈಯೂ ತಾನಾಗಿ ಬೇರೆ ಮಾಡುತ್ತದೆ.

ಕಲ್ಲೇಶ್ವರನ ಛಾವಣಿಯಲ್ಲಿ ಅಷ್ಟೂ ಮೂರ್ತಿಗಳ ನಡುವೆ ನಟರಾಜ ಎದ್ದು ಕಾಣುತ್ತಾನೆ. 'ಎದ್ದು ಕಾಣು'ವುದಕ್ಕೆ ಇಂಗ್ಲಿಷಿನಲ್ಲಿ 'ಸ್ಟ್ಯಾಂಡ್ ಔಟ್' ಎನ್ನುತ್ತಾರೆ. ಅವನು ಎದ್ದೂ ಇಲ್ಲ, ಹೊರಗೆ ಬಂದು ನಿಂತೂ ಇಲ್ಲ, ಆದರೂ ಎರಡು ಭಾಷೆಯವರೂ ಒಪ್ಪುವಂತೆ ಅರ್ಥವಾಯಿತು. ಎರಡು ಸಾಮಾನ್ಯ ಪದ ಸೇರಿಸಿ ಮೂರನೆಯ ಅರ್ಥ ಹುಟ್ಟಿಸುವ ಕಸುಬು ಕನ್ನಡಕ್ಕೆ ಹುಟ್ಟಿನಿಂದ ಬಂದದ್ದು. 'ಬರೆ' ಎಂಬ ಒಂದು ಕ್ರಿಯಾಪದ ತೆಗೆದುಕೊಳ್ಳಿ. 'ಬರೆದುಕೊ' ಎಂದರೆ ನಿನಗೆ ಬೇಕಾಗುತ್ತದೆ, ಗುರುತು ಮಾಡಿಕೊ. 'ಬರೆದಿಡು' ಎಂದರೆ ಮುಂದೆ ಯಾರಾದರೂ ನೋಡಲಿ. 'ಬರೆದುಬಿಡು' ಎಂದರೆ ಯೋಚನೆ ಸಾಕು, ಮುಗಿಸು. 'ಬರೆದುಕೊಡು' ಎಂದರೆ ಇನ್ನೊಬ್ಬರಿಗಾಗಿ. 'ದೊಡ್ಡ ಮಗನಿಗೆ ತೋಟ ಬರೆದುಕೊಟ್ಟ' ಎಂದಾಗ ಅದರಲ್ಲಿ ಆಸ್ತಿಯೇ ಕೈ ಬದಲಾಯಿಸುತ್ತದೆ. ಇಂಗ್ಲಿಷಿನವರು 'ರೈಟ್ ಡೌನ್', 'ರೈಟ್ ಔಟ್', 'ಸೈನ್ ಓವರ್' ಎಂದು ಹಿಂದಿನ ಪದ ಬದಲಿಸಿ ಮಾಡುವ ಕೆಲಸವನ್ನು ನಾವು ಕೊ, ಇಡು, ಬಿಡು, ಕೊಡು, ಹಾಕು, ಹೋಗುಗಳಿಂದ ಮಾಡುತ್ತೇವೆ.

ಕೊಳವೆಬಾವಿಯ ನೀರಿನ ಮಾತು ಬಂದರೆ ಈ ಸೀಮೆಯವರು 'ಬತ್ತಿತು' ಎಂದು ನಿಲ್ಲಿಸುವುದು ಕಡಿಮೆ, 'ಬತ್ತಿಹೋಯ್ತು' ಎನ್ನುತ್ತಾರೆ. ಇಂಗ್ಲಿಷಿನ 'ಡ್ರೈಡ್ ಅಪ್'ನಲ್ಲಿರುವ 'ಅಪ್' ಪೂರ್ತಿಯಾಯಿತು ಎಂದಷ್ಟೇ ಹೇಳುತ್ತದೆ. 'ಯೂಸ್ ಅಪ್', 'ಈಟ್ ಅಪ್', 'ಡ್ರಿಂಕ್ ಅಪ್' ಎಲ್ಲದರಲ್ಲೂ ಅದು ಇದೇ 'ಅಪ್', ಇನ್ನೇನೂ ಉಳಿದಿಲ್ಲ ಎನ್ನುವುದು. ನಮ್ಮ 'ಹೋಯ್ತು' ಪೂರ್ತಿಯಾದದ್ದನ್ನೂ ಹೇಳುತ್ತದೆ, ಅದು ಕೈತಪ್ಪಿದ್ದಕ್ಕೆ ಆದ ಸಂಕಟವನ್ನೂ ಸೇರಿಸುತ್ತದೆ. ಇಲ್ಲಿ ಕನ್ನಡದ ಸಾಧನವೇ ಹರಿತವಾದದ್ದು ಎಂದು ನನ್ನ ನಂಬಿಕೆ. ಶಾಲೆಯ ವ್ಯಾಕರಣದಲ್ಲಿ ಸಂಧಿ ಸಮಾಸಗಳಿಗೆ ಸಿಗುವ ಜಾಗ ಈ ಬಿಡು, ಹೋಗು, ಕೊಳ್ಳುಗಳಿಗೆ ಸಿಕ್ಕಿಲ್ಲ. ಸಿಕ್ಕಿದ್ದರೆ ಇಂಗ್ಲಿಷ್ ಮೇಷ್ಟ್ರ ಅರ್ಧ ಕೆಲಸ ಕನ್ನಡ ಮೇಷ್ಟ್ರೇ ಮುಗಿಸಿರುತ್ತಿದ್ದರು.

ಇದಕ್ಕಿಂತ ಸೊಗಸಾದದ್ದು ನಮ್ಮ 'ಕೈ'. ಕೈಬಿಡು, ಕೈಕೊಡು, ಕೈಹಿಡಿ, ಕೈಹಾಕು, ಕೈಚೆಲ್ಲು, ಕೈಗೂಡು, ಕೈಮೀರು. 'ಈ ವರ್ಷ ಮಳೆ ಕೈಕೊಡ್ತು' ಎಂದರೆ ಮಳೆಗೆ ಕೈಯೆಲ್ಲಿದೆ ಎಂದು ಯಾವ ಮಗುವೂ ಕೇಳುವುದಿಲ್ಲ. 'ದ ರೇನ್ಸ್ ಲೆಟ್ ಅಸ್ ಡೌನ್' ಎಂಬುದು ಅದೇ ಮಾತು, 'ಡೌನ್' ಎಲ್ಲಿದೆ ಎಂದು ಇಂಗ್ಲಿಷ್ ಮಗುವೂ ಕೇಳುವುದಿಲ್ಲ. ಗಂಡ ಹೆಂಡತಿಯ ಕೈಹಿಡಿಯುವುದು ಮದುವೆ, ವ್ಯಾಪಾರ ಕೈಹಿಡಿಯುವುದು ಲಾಭ, ಇದನ್ನೂ ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಮಾತಿನ ನಡುವೆ, ಸಂದರ್ಭದ ಜೊತೆ ಕೇಳಿದೆವು, ಬಂತು. ಕನ್ನಡ ಕಲಿಯಲು ಬಂದ ಹೊರಗಿನವರಿಗೆ 'ಕೈಕೊಡು' ಮತ್ತು 'ಕೈಗೆ ಕೊಡು' ಎರಡರ ನಡುವಿನ ಅಂತರ ತಿಳಿಸುವುದು ಎಷ್ಟು ಕಷ್ಟ ಎಂದು ಒಮ್ಮೆ ಪ್ರಯತ್ನಿಸಿದವರಿಗೆ ಗೊತ್ತು. ನಾವು ದಾಟಿ ಬಂದ ಹೊಳೆಯೂ ಅಷ್ಟೇ ಆಳದ್ದು.

ಈ ಎರಡು ಭಾಷೆಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಕೆಲಸಕ್ಕೆ ಈ ತೆಂಗಿನ ಸೀಮೆಗಿಂತ ತಕ್ಕ ಜಾಗ ಸಿಗುವುದು ಕಷ್ಟ. ಬಿ.ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಆ ಊರಿನ ಹೆಸರು ಹೊತ್ತ ಸಂಪಿಗೆ ರೋಡ್ ನಿಲ್ದಾಣ ಅರಳಗುಪ್ಪೆಯ ರೈಲು ಹಾದಿಯಲ್ಲೇ ಇದೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರೇ 'ಇಂಗ್ಲಿಷ್ ಗೀತಗಳು' ಕೊಟ್ಟು ಹೊಸಗನ್ನಡ ಕಾವ್ಯಕ್ಕೆ ದಾರಿ ಮಾಡಿದವರು. ಅತ್ತ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಶಾಲೆಯ ಮಕ್ಕಳಿಗೆಂದು 'ಕನ್ನಡ ಮಧ್ಯಮ ವ್ಯಾಕರಣ' ಬರೆದರು. ಬಿ.ಎಂ.ಶ್ರೀ ಇಂಗ್ಲಿಷಿನ ಪದವನ್ನು ಕನ್ನಡಕ್ಕೆ ಎಳೆದು ತರಲಿಲ್ಲ, ಅದರ ಭಾವವನ್ನು ಕನ್ನಡದ ಜಾಯಮಾನದಲ್ಲಿ ಮತ್ತೆ ಹುಟ್ಟಿಸಿದರು. ನಮ್ಮ ಮಕ್ಕಳು ಇತ್ತಿಂದ ಅತ್ತ ಹೋಗುವಾಗಲೂ ಬೇಕಾದದ್ದು ಅದೇ ಬಗೆಯ ನಡೆ.

ಮತ್ತೆ ತೋಟಕ್ಕೆ ಬರೋಣ. ಬಿದ್ದ ಕಾಯಿಗಳನ್ನು ಆಯಬೇಕು. 'ಪಿಕ್ ಅಪ್ ದ ಕೋಕೊನಟ್ಸ್' ಎನ್ನಬಹುದು, 'ಪಿಕ್ ದ ಕೋಕೊನಟ್ಸ್ ಅಪ್' ಎಂದರೂ ಸರಿ. ಆದರೆ ಕಾಯಿಗಳ ಬದಲು 'ಅವು' ಎಂದಾಗ 'ಪಿಕ್ ದೆಮ್ ಅಪ್' ಒಂದೇ ಸರಿ, 'ಪಿಕ್ ಅಪ್ ದೆಮ್' ಆಗದು. ಯಾಕೆ ಎಂದು ಕೇಳಿದರೆ ರೂಲ್ಸು ಎಂದು ಬಾಯಿ ಮುಚ್ಚಿಸುವುದು ವಾಡಿಕೆ. ಕಾರಣ ಇದೆ. ಇಂಗ್ಲಿಷ್ ವಾಕ್ಯ ಹೊಸ ಸುದ್ದಿಯನ್ನು ತುದಿಗೆ ಇಡಲು ಬಯಸುತ್ತದೆ. 'ಅವು' ಎಂದಾಗ ಯಾವುವು ಎಂದು ಇಬ್ಬರಿಗೂ ಆಗಲೇ ಗೊತ್ತು, ಅದು ಹಳೆಯ ಸುದ್ದಿ. ಅದಕ್ಕೆ ನಡುವೆ ಸರಿದು ಕೂರುತ್ತದೆ, ಮಾತಿನ ಭಾರ 'ಅಪ್'ನ ಮೇಲೆ ಬೀಳುತ್ತದೆ. 'ನಾಲೆಯ ಪಕ್ಕ ನಿನ್ನೆ ಬಿದ್ದ ಕಾಯಿಗಳು' ಎಂದು ಉದ್ದಕ್ಕೆ ಹೇಳಬೇಕಾದರೆ ಅಷ್ಟನ್ನೂ ನಡುವೆ ತುರುಕಲಾಗದು, ಅದು ತುದಿಗೇ ಹೋಗುತ್ತದೆ.

ಹೀಗೆ ನಡುವೆ ಜಾಗ ಬಿಡದ ಜೋಡಿಗಳೂ ಇವೆ. ಕರುಗಳನ್ನು ನೋಡಿಕೊ ಎನ್ನುವುದಕ್ಕೆ 'ಲುಕ್ ಆಫ್ಟರ್ ದೆಮ್' ಎನ್ನಬೇಕೇ ಹೊರತು 'ಲುಕ್ ದೆಮ್ ಆಫ್ಟರ್' ಎನ್ನುವಂತಿಲ್ಲ. ಇಲ್ಲಿ 'ಆಫ್ಟರ್' ದಿಕ್ಕಿನ ಪದವಾಗಿ ಕ್ರಿಯೆಗೆ ಸೇರಿಲ್ಲ, ವಿಭಕ್ತಿಯಾಗಿ ಕರುಗಳಿಗೆ ಅಂಟಿದೆ. ವಿಭಕ್ತಿ ತನ್ನ ನಾಮಪದವನ್ನು ಬಿಟ್ಟು ಆಚೆ ಹೋಗುವುದಿಲ್ಲ. ಯಾವುದು ದಿಕ್ಕು, ಯಾವುದು ವಿಭಕ್ತಿ ಎಂದು ಕಿವಿಯಿಂದಲೇ ಹಿಡಿಯಬಹುದು. 'ಟರ್ನ್ ಇಟ್ ಆಫ್' ಎನ್ನುವಾಗ 'ಆಫ್' ಒತ್ತಿ ಬರುತ್ತದೆ. 'ಲುಕ್ ಅಟ್ ಇಟ್' ಎನ್ನುವಾಗ 'ಅಟ್' ತೇಲಿಹೋಗುತ್ತದೆ, 'ಲುಕ್' ಒತ್ತಿಕೊಳ್ಳುತ್ತದೆ. ಕನ್ನಡದಲ್ಲಿ ಹೀಗೆ ಒತ್ತಿಗೆ ಅರ್ಥ ಕಟ್ಟುವ ರೂಢಿಯಿಲ್ಲದ್ದರಿಂದ ನಮ್ಮ ಮಕ್ಕಳು ಎಲ್ಲ ಪದವನ್ನೂ ಸಮನಾಗಿ ಓದುತ್ತಾರೆ, ಸುಳುವು ಸಿಗದೆ ಹೋಗುತ್ತದೆ. ಕಿವಿಯ ಮೇಲೆ ನಂಬಿಕೆಯಿಲ್ಲದವರು ಒಳ್ಳೆಯ ಕಲಿಕಾ ನಿಘಂಟು ತೆರೆಯಲಿ. ಎ.ಎಸ್. ಹಾರ್ನ್‌ಬಿ 1940ರ ದಶಕದಲ್ಲಿ ಶುರುಮಾಡಿದ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ನಿಘಂಟಿನಲ್ಲಿ ಇಂಥ ಜೋಡಿಗಳ ನಡುವೆ ಎರಡೂ ಕಡೆ ಮೊನೆಯಿರುವ ಒಂದು ಬಾಣದ ಗುರುತು ಹಾಕಿರುತ್ತಾರೆ. ಬಾಣವಿದ್ದರೆ ಪದ ಅತ್ತಿತ್ತ ಸರಿಯಬಹುದು, ಇಲ್ಲದಿದ್ದರೆ ಸರಿಯದು. ಆ ಬಾಣದ ಅರ್ಥ ಗೊತ್ತಿಲ್ಲದೆ ನಿಘಂಟು ಬಳಸುವವರು ಎಷ್ಟೋ ಜನ.

ಅರಳಗುಪ್ಪೆ ನಿಲ್ದಾಣದಲ್ಲಿ ರೈಲು ಇಳಿಯುವುದು 'ಗೆಟ್ ಆಫ್ ಅಟ್ ಅರಳಗುಪ್ಪೆ'. ಅಲ್ಲಿಂದ ಆಟೊ ಹಿಡಿದರೆ ಇಳಿಯುವುದು 'ಗೆಟ್ ಔಟ್ ಆವ್ ದ ಆಟೊ'. ಕನ್ನಡಕ್ಕೆ ಎರಡೂ ಇಳಿಯುವುದೇ. ಇಂಗ್ಲಿಷಿನಲ್ಲಿ ಒಳಗೆ ನಿಂತು ಓಡಾಡಬಹುದಾದ ರೈಲು, ಬಸ್ಸು, ಹಡಗು 'ಆನ್' ಮತ್ತು 'ಆಫ್'ನ ಪಾಲಿಗೆ, ಬಗ್ಗಿ ತೂರಿಕೊಂಡು ಕೂರುವ ಕಾರು, ಆಟೊ 'ಇನ್' ಮತ್ತು 'ಔಟ್'ನ ಪಾಲಿಗೆ. 'ಗೆಟೌಟ್' ಎಂಬುದನ್ನು ನಾವು ಬೈಗುಳವಾಗಿ ಮಾತ್ರ ಕೇಳಿರುವುದರಿಂದ, ಆಟೊದಿಂದ ಇಳಿಯುವುದಕ್ಕೂ ಅದೇ ಎಂದರೆ ಮಕ್ಕಳು ನಂಬುವುದಿಲ್ಲ. ಹಿಂದೆ 'ಆವ್ ದ ಆಟೊ' ಸೇರಿದ ಕೂಡಲೇ ಅದರ ಬಿರುಸು ಹೋಗುತ್ತದೆ ಎಂದು ತೋರಿಸಬೇಕು.

ತಿಪಟೂರಿನ ಮಾರುಕಟ್ಟೆಯ ಮಾತು ಈ ಜೋಡಿಗಳಿಲ್ಲದೆ ಇಂಗ್ಲಿಷಿನಲ್ಲಿ ನಡೆಯದು. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿಯಿತು. ಆಗ ಬೆಳೆಗಾರನ ಮುಂದೆ ಇದ್ದದ್ದು ಎರಡು ದಾರಿ, 'ಹೋಲ್ಡ್ ಆನ್ ಟು ದ ಸ್ಟಾಕ್' ಅಥವಾ 'ಸೆಲ್ ಇಟ್ ಆಫ್'. ಇದನ್ನೇ ನಮ್ಮವರು 'ಇಟ್ಕೊಳ್ಳೋದೋ, ಮಾರಿಬಿಡೋದೋ' ಎಂದು ಪಡಸಾಲೆಯಲ್ಲಿ ಕೂತು ಮಾತಾಡಿದರು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗುಡುಗುಡು ಅನ್ನುವವರೆಗೆ ಕಾದ ಕಾಯಿ ಅದು. 'ಇಟ್ಟುಕೊ'ವಿನ 'ಕೊ'ದಲ್ಲಿ ತನ್ನದೆಂಬ ಹಿಡಿತವಿದೆ, 'ಹೋಲ್ಡ್ ಆನ್ ಟು'ವಿನ 'ಆನ್'ನಲ್ಲಿ ಬಿಡದಿರುವ ಹಟವಿದೆ. 'ಮಾರಿಬಿಡು'ವಿನ 'ಬಿಡು'ವಿನಲ್ಲೂ 'ಸೆಲ್ ಆಫ್'ನ 'ಆಫ್'ನಲ್ಲೂ ಕಳಚಿಕೊಂಡರೆ ಸಾಕೆಂಬ ಧ್ವನಿ. ಧಾರಣೆ ಏರಿದರೆ 'ಗೋ ಅಪ್', ಬಿದ್ದರೆ 'ಕಮ್ ಡೌನ್', ಬಿದ್ದದ್ದು ಚೇತರಿಸಿಕೊಂಡರೆ 'ಪಿಕ್ ಅಪ್'. ಇಲ್ಲಿ ಕಾಯಿ ಆಯುವ 'ಪಿಕ್ ಅಪ್'ಗೆ ಇದ್ದ ಕರ್ಮಪದ ಬೇಡ, ಧಾರಣೆ ತಾನೇ ಏಳುತ್ತದೆ. 'ಈ ರೇಟಿಗೆ ವರ್ಕೌಟ್ ಆಗಲ್ಲ' ಎಂಬ ಮಾತಂತೂ ಮಂಡಿಯಲ್ಲಿ ದಿನವೂ ಕೇಳಿಬರುತ್ತದೆ. ಅಲ್ಲಿ ಇಂಗ್ಲಿಷಿನ ಇಡೀ ಜೋಡಿಯನ್ನೇ ಒಂದು ಪದವಾಗಿ ನುಂಗಿ 'ಆಗಲ್ಲ' ಸೇರಿಸಿಕೊಂಡಿದ್ದೇವೆ. ಪಿಕಪ್, ಚೆಕಪ್, ಬ್ಯಾಕಪ್, ಲಾಗಿನ್ ಎಲ್ಲ ಹೀಗೇ ಬಂದವು.

ವಿಭಕ್ತಿಗಳ ಲೆಕ್ಕದಲ್ಲಿ ಎರಡು ಭಾಷೆ ಒಂದಕ್ಕೊಂದು ಕೂಡದ ಕಡೆ ನಮ್ಮ ಮಕ್ಕಳ ತಪ್ಪುಗಳು ಹುಟ್ಟುತ್ತವೆ. ಅಪ್ಪನ ಹತ್ತಿರ ದುಡ್ಡು ಕೇಳು ಎನ್ನುವಾಗ 'ದುಡ್ಡು' ಎಂಬುದಕ್ಕೆ ವಿಭಕ್ತಿಯೇ ಇಲ್ಲ, ಹಾಗಾಗಿ 'ಆಸ್ಕ್ ಮನಿ' ಎಂದು ಬರುತ್ತದೆ, ನಡುವೆ ಬೇಕಾದ 'ಫಾರ್' ಬಿಟ್ಟುಹೋಗುತ್ತದೆ. ತಪ್ಪಿಸಿಕೊಂಡ ಹಸು ಹುಡುಕುವುದು 'ಸರ್ಚ್ ಫಾರ್ ದ ಕೌ'. 'ಫಾರ್' ಬಿಟ್ಟರೆ ಹಸುವಿನ ಮೈಮೇಲೆ ಏನನ್ನೋ ತಡಕಿದಂತಾಗುತ್ತದೆ, ಪೊಲೀಸರು ಮನೆ ಶೋಧಿಸಿದಂತೆ. 'ಲಿಸನ್ ಮೀ' ಎನ್ನುವುದು 'ನನ್ನ ಮಾತು ಕೇಳು' ಎನ್ನುವುದರ ನೇರ ಮಗು. ಇನ್ನೊಂದು ಕಡೆ ಬೇಡವಾದದ್ದು ಸೇರಿಕೊಳ್ಳುತ್ತದೆ. 'ನೀರಿನ ಬಗ್ಗೆ ಚರ್ಚಿಸಿದರು' ಎಂಬುದರಲ್ಲಿ 'ಬಗ್ಗೆ' ಇದೆಯೆಂದು 'ಡಿಸ್ಕಸ್ಡ್ ಅಬೌಟ್' ಎನ್ನುತ್ತೇವೆ. 'ಡಿಸ್ಕಸ್'ನ ಒಳಗೇ 'ಬಗ್ಗೆ' ಅಡಗಿದೆ, ಮತ್ತೆ ಬೇಕಿಲ್ಲ. 'ಕೋಪ್ ಅಪ್ ವಿತ್' ಎಂಬುದು ಮಾತ್ರ ಕನ್ನಡದಿಂದ ಬಂದದ್ದಲ್ಲ. 'ಕೋಪ್ ವಿತ್' ಎಂಬ ಎರಡು ಪದದ ಜೋಡಿಗೆ 'ಕೀಪ್ ಅಪ್ ವಿತ್', 'ಕ್ಯಾಚ್ ಅಪ್ ವಿತ್'ಗಳ ಗಾಳಿ ತಗಲಿ ಇಡೀ ದೇಶದಲ್ಲಿ ಹಬ್ಬಿದೆ.

ಎಲ್ಲವನ್ನೂ ತಪ್ಪು ಎಂದು ಹೊಡೆದುಹಾಕುವುದೂ ನ್ಯಾಯವಲ್ಲ. ಕಚೇರಿಯಲ್ಲಿ ಕಡತ 'ಪುಟ್ ಅಪ್' ಮಾಡುವುದು ನಮ್ಮ ಆಡಳಿತದ ಇಂಗ್ಲಿಷಿನಲ್ಲಿ ಬೇರೂರಿದ ಮಾತು, ಅದನ್ನು ಬರೆಯುವ ಗುಮಾಸ್ತರೂ ಓದುವ ಅಧಿಕಾರಿಯೂ ಒಂದೇ ಅರ್ಥ ಮಾಡಿಕೊಳ್ಳುತ್ತಾರೆ. ಕಾಲೇಜು ಮುಗಿಸಿದವರು 'ಪಾಸ್ ಔಟ್' ಆದೆವು ಎನ್ನುವುದು ಸೇನಾ ತರಬೇತಿಯ ಪಾಸಿಂಗ್ ಔಟ್ ಪೆರೇಡಿಗೆ ಹತ್ತಿರದ ಬಳಕೆ. ಹೊರದೇಶದಲ್ಲಿ ಅದನ್ನು ಹೇಳಿದರೆ ಮೂರ್ಛೆ ಹೋದೆ ಎಂದು ತಿಳಿದಾರು ಎಂಬ ಎಚ್ಚರಿಕೆ ಇದ್ದರೆ ಸಾಕು.

ರಾಜ್ಯದ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದದ್ದು 2007-08ರಲ್ಲಿ. ಆಗ ಸೇರಿದ ಮಕ್ಕಳು ಈಗ ಕೆಲಸ ಹುಡುಕುವ ವಯಸ್ಸಿಗೆ ಬಂದಿದ್ದಾರೆ. ಅವರು ಬರೆಯುವ ಅರ್ಜಿಗಳ ಕೊನೆಯ ಸಾಲು ಹೆಚ್ಚುಕಡಿಮೆ ಒಂದೇ: 'ಐ ಆಮ್ ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ.' 'ಟು' ಕಂಡ ಕೂಡಲೇ ಮುಂದೆ ಕ್ರಿಯಾಪದದ ಮೂಲರೂಪ ಎಂದು ಕಲಿತಿದ್ದಾರೆ, ಅದನ್ನೇ ಬರೆಯುತ್ತಾರೆ. ಆದರೆ ಈ 'ಟು' ಆ 'ಟು' ಅಲ್ಲ, ಇದು ವಿಭಕ್ತಿ. 'ಟು' ಮುಂದೆ 'ಯುವರ್ ರಿಪ್ಲೈ' ಎಂಬ ನಾಮಪದ ಇಟ್ಟು ನೋಡಿ, ಸಲೀಸಾಗಿ ಕೂರುತ್ತದೆ. ನಾಮಪದ ಕೂರುವ ಜಾಗದಲ್ಲಿ ಕ್ರಿಯೆಯೂ ನಾಮಪದದ ವೇಷ ಹಾಕಿ ಬರಬೇಕು, ಅದಕ್ಕೆ 'ಟು ಮೀಟಿಂಗ್ ಯೂ' ಆಗಬೇಕು. ಕನ್ನಡದಲ್ಲಿ ಇದೇ ಮಾತನ್ನು ಹೇಗೆ ಬರೆಯುತ್ತೇವೆ? 'ತಮ್ಮನ್ನು ಭೇಟಿಯಾಗುವುದನ್ನು ಎದುರುನೋಡುತ್ತಿದ್ದೇನೆ.' 'ಲುಕ್ ಫಾರ್ವರ್ಡ್' ನಮ್ಮ 'ಎದುರುನೋಡು', 'ಟು' ನಮ್ಮ 'ಅನ್ನು', 'ಮೀಟಿಂಗ್' ನಮ್ಮ 'ಭೇಟಿಯಾಗುವುದು'. 'ಭೇಟಿಯಾಗಲು ಎದುರುನೋಡುತ್ತಿದ್ದೇನೆ' ಎಂದರೆ ಕಿವಿಗೆ ಒರಟಾಗಿ ಕೇಳುತ್ತದೆಯಲ್ಲ, 'ಟು ಮೀಟ್' ಎಂಬುದು ಇಂಗ್ಲಿಷ್ ಕಿವಿಗೆ ಕೇಳುವುದೂ ಹಾಗೆಯೇ. ಹೊಸ ಊರಿನಲ್ಲಿ ಬೇಗ ಏಳುವುದಕ್ಕೆ ಒಗ್ಗಿದೆ ಎನ್ನುವವರು 'ಐ ಗಾಟ್ ಯೂಸ್ಡ್ ಟು ಗೆಟಿಂಗ್ ಅಪ್ ಅರ್ಲಿ' ಎಂದು ಬರೆಯಬೇಕು. ಅಲ್ಲೂ 'ಏಳುವುದಕ್ಕೆ' ಎಂಬ ನಮ್ಮ ರೂಪ ಮೊದಲು ಬಾಯಿಗೆ ಬಂದರೆ 'ಗೆಟಿಂಗ್' ತಾನಾಗಿ ಹಿಂದೆಯೇ ಬರುತ್ತದೆ.